ಆರೋಪಿ: ಹೊರಿಸಿದ್ದು ಯಾರು, ಹೊತ್ತಿದ್ದು ಯಾರು

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ಸುದ್ದಿ ನೋಡುತ್ತಿದ್ದೆ. ಒಂದರ ಕೆಳಗೊಂದು ಎರಡು ಶೀರ್ಷಿಕೆ. ಮೊದಲನೆಯದು ‘ಕೊಲೆಗಾರ ಅಂದರ್’. ಒಳಗೆ ಓದಿದರೆ, ಹಿಂದಿನ ರಾತ್ರಿಯಷ್ಟೇ ಪೊಲೀಸರು ಒಬ್ಬನನ್ನು ಹಿಡಿದು ತಂದಿದ್ದಾರೆ, ಇನ್ನೂ ನ್ಯಾಯಾಧೀಶರ ಮುಂದೆ ನಿಲ್ಲಿಸಿಯೂ ಇಲ್ಲ. ಎರಡನೆಯದು ‘ಆರೋಪಿಗೆ ಜೀವಾವಧಿ ಶಿಕ್ಷೆ’. ಇಲ್ಲಿ ಸೆಷನ್ಸ್ ಕೋರ್ಟು ಸಾಕ್ಷಿ ಕೇಳಿ, ವಾದ ಕೇಳಿ, ತಪ್ಪು ಸಾಬೀತಾಗಿದೆ ಅಂತ ತೀರ್ಪು ಬರೆದು ಶಿಕ್ಷೆಯನ್ನೂ ಕೊಟ್ಟಾಗಿದೆ. ಅಂದರೆ ಏನೂ ಸಾಬೀತಾಗದವನು ಕೊಲೆಗಾರ, ಎಲ್ಲ ಸಾಬೀತಾದವನು ಆರೋಪಿ. ಕಾಫಿ ಆರಿತು.

ಆರೋಪಿ ಅಂದರೆ ಆರೋಪ ಹೊತ್ತವನು, ಅಪರಾಧಿ ಅಂದರೆ ಅದು ಕೋರ್ಟಿನಲ್ಲಿ ಸಾಬೀತಾದವನು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೀಗೆ ಬರೆಯುತ್ತಾರೆ ಅನ್ನುವುದೇ ನನ್ನ ತಕರಾರು.

ಮೊದಲು ಪದದ ಒಳಗೆ ಏನಿದೆ ನೋಡೋಣ. ಸಂಸ್ಕೃತದಲ್ಲಿ ‘ರುಹ್’ ಅಂತ ಒಂದು ಧಾತು ಇದೆ. ಏರು, ಬೆಳೆ ಅಂತ ಅರ್ಥ. ಸರೋವರದಲ್ಲಿ ಬೆಳೆಯುವುದು ಸರೋರುಹ, ತಲೆಯ ಮೇಲೆ ಬೆಳೆಯುವುದು ಶಿರೋರುಹ. ತಾನೇ ಏರಿದರೆ ಆರೋಹಣ. (ಧ್ವಜಾರೋಹಣದಲ್ಲಿ ಬಾವುಟ ತಾನೇ ಏರುತ್ತದಾ ಅಂತ ಕೇಳಬೇಡಿ, ಅದು ಬೇರೆ ಜಗಳ.) ಇನ್ನೊಬ್ಬರು ಏರಿಸಿದರೆ ಆರೋಪಣ. ಆರೋಪ ಹುಟ್ಟಿದ್ದು ಇಲ್ಲಿಂದ. ಒಂದರ ಮೇಲೆ ಇನ್ನೊಂದನ್ನು ತಂದು ಏರಿಸುವುದು, ಇಡುವುದು. ಕನ್ನಡವೂ ಇದನ್ನು ಹಾಗೇ ಹಿಡಿದಿದೆ. ನಾವು ಆರೋಪವನ್ನು ‘ಹೊರಿಸುತ್ತೇವೆ’. ಅವನು ಹೊರುತ್ತಾನೆ. ಹೊರೆ ತಲೆಯ ಮೇಲಿದೆ ಅಂದ ಮಾತ್ರಕ್ಕೆ ಅದು ತಲೆಯೊಳಗಿಂದ ಬೆಳೆದದ್ದಲ್ಲ. ಹಳ್ಳಿಯ ಮಾತಿನಲ್ಲಿ ಇನ್ನೂ ಚೆನ್ನಾಗಿ ಹೇಳುತ್ತಾರೆ, ‘ನನ್ನ ಮೇಲೆ ಗೂಬೆ ಕೂರಿಸಬೇಡ’ ಅಂತ. ಗೂಬೆ ಬೇರೆ, ಕೂತ ಮೈ ಬೇರೆ.

ವೇದಾಂತಿಗಳ ಹತ್ತಿರ ಇದರ ಅಣ್ಣನೊಬ್ಬ ಇದ್ದಾನೆ, ‘ಅಧ್ಯಾರೋಪ’. ಮಬ್ಬುಗತ್ತಲಲ್ಲಿ ಹಗ್ಗ ಕಂಡು ಹಾವು ಅಂದುಕೊಳ್ಳುತ್ತೀರಲ್ಲ, ಆಗ ಹಗ್ಗದ ಮೇಲೆ ಹಾವನ್ನು ಆರೋಪಿಸಿದ್ದು. ಆಮೇಲೆ ದೀಪ ತಂದು ನೋಡಿ ‘ಇದು ಹಾವಲ್ಲ’ ಅಂತ ಅಳಿಸುವುದಕ್ಕೂ ಅವರ ಹತ್ತಿರ ಒಂದು ಪದ ಇದೆ. ಯಾವುದು ಗೊತ್ತಾ? ಅಪವಾದ! ಅಲ್ಲಿ ಅಪವಾದ ಅಂದರೆ ಆರೋಪವನ್ನು ಕಿತ್ತುಹಾಕುವುದು. ನಮ್ಮ ಆಡುಮಾತಿಗೆ ಬರುವಷ್ಟರಲ್ಲಿ ಅಪವಾದವೂ ಆರೋಪದ ಪಕ್ಕದಲ್ಲೇ ಹೋಗಿ ಕೂತಿದೆ. ‘ಸುಮ್ನೆ ಅಪವಾದ ಹೊರಿಸಬೇಡ’ ಅನ್ನುತ್ತೇವೆ. ಮೇಲೆ ಹಾಕುವುದಕ್ಕೆ ಎರಡೆರಡು ಪದ, ಕೆಳಗಿಳಿಸುವುದಕ್ಕೆ ಇದ್ದ ಒಂದೂ ಹೋಯಿತು.

ಚೌತಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತೆ ಅಂತ ಮನೆಮನೆಯಲ್ಲೂ ಹೇಳುತ್ತಾರಲ್ಲ, ಆ ಶಮಂತಕ ಮಣಿಯ ಕತೆ ನೆನಪಿಸಿಕೊಳ್ಳಿ. ಮಣಿ ಹಾಕಿಕೊಂಡು ಬೇಟೆಗೆ ಹೋದ ಪ್ರಸೇನ ವಾಪಸ್ ಬರಲಿಲ್ಲ. ಹಿಂದೆ ಕೃಷ್ಣ ಆ ಮಣಿ ಕೇಳಿದ್ದ. ಅಷ್ಟು ಸಾಕಾಯಿತು. ಕೃಷ್ಣನೇ ಕೊಂದು ಕದ್ದಿರಬೇಕು ಅಂತ ಸತ್ರಾಜಿತ ಅಂದ, ಊರೆಲ್ಲ ಗುಸುಗುಸು ಆಯಿತು. ಕೊನೆಗೆ ಕೃಷ್ಣನೇ ಕಾಡಿಗೆ ಹೋಗಿ ಪ್ರಸೇನನ ಹೆಣ, ಸಿಂಹದ ಹೆಜ್ಜೆ, ಕರಡಿಯ ಗುಹೆ ಅಂತ ಒಂದೊಂದೇ ಗುರುತು ಹಿಡಿದು ಮಣಿ ತರಬೇಕಾಯಿತು. ತಾನು ಮಾಡಿಲ್ಲ ಅನ್ನುವುದನ್ನು ಆರೋಪಿಯೇ ಸಾಬೀತು ಮಾಡಬೇಕಾದ ಸ್ಥಿತಿ. ದೇವರಾಗಿದ್ದಕ್ಕೆ ಆಯಿತು. ಈಗಿನ ನಮ್ಮ ಕಾನೂನು ಇದನ್ನು ತಲೆಕೆಳಗು ಮಾಡಿದೆ. ಹೊರಿಸಿದವರೇ ಸಾಬೀತು ಮಾಡಬೇಕು, ಹೊತ್ತವನಲ್ಲ. ಕೆಲವು ವಿಶೇಷ ಕಾನೂನುಗಳನ್ನು ಬಿಟ್ಟರೆ ಇದೇ ನಿಯಮ.

ಕೆಲವರು ಇಲ್ಲೊಂದು ವ್ಯಾಕರಣದ ತಕರಾರು ತೆಗೆಯುತ್ತಾರೆ. ‘ಆರೋಪಿ ಅಂದರೆ ಆರೋಪ ಮಾಡುವವನು, ಆದ್ದರಿಂದ ಆರೋಪಿತ ಅನ್ನಬೇಕು’ ಅಂತ. ಬೇಕಿಲ್ಲ ಸ್ವಾಮಿ. ರೋಗಿ ಅಂದರೆ ರೋಗ ಇರುವವನು, ರೋಗ ಹಂಚುವವನಲ್ಲ. ಋಣಿ ಅಂದರೆ ಋಣ ಇರುವವನು. ಹಾಗೇ ಆರೋಪಿ. ಪದ ಸರಿಯಾಗಿಯೇ ಇದೆ, ಕೆಟ್ಟಿರುವುದು ಬಳಕೆ.

ಅಪರಾಧದ ಮೂಲ ಇನ್ನೂ ಮಜವಾಗಿದೆ. ‘ರಾಧ್’ ಅಂದರೆ ಸಾಧಿಸು, ಸಫಲವಾಗು. ಆರಾಧನೆ ಬಂದಿದ್ದೂ ಅದರಿಂದಲೇ. ಅದಕ್ಕೆ ‘ಅಪ’ ಸೇರಿದರೆ ತಪ್ಪಿಹೋಗು. ಗುರಿ ತಪ್ಪಿದ ಬಿಲ್ಲುಗಾರನಿಗೆ ಅಮರಕೋಶದಲ್ಲಿ ‘ಅಪರಾದ್ಧಪೃಷತ್ಕ’ ಅಂತ ಹೆಸರು, ಬಾಣ ತಪ್ಪಿದವನು ಅಂತ. ಅಂದರೆ ಅಪರಾಧಿ ಅನ್ನುವಾಗ ಆ ಮನುಷ್ಯ ಏನೋ ಮಾಡಿದ್ದಾನೆ. ಆರೋಪಿ ಅನ್ನುವಾಗ ಮಾಡಿದವರು ಬೇರೆಯವರು, ಅವನ ಮೇಲೆ ಏನನ್ನೋ ಇಟ್ಟಿದ್ದಾರೆ. ಇಷ್ಟು ದೂರ ಇರುವ ಎರಡು ಪದಗಳನ್ನು ಒಂದೇ ಅಂತ ಬಳಸುವುದಕ್ಕೆ ನಿಜಕ್ಕೂ ಶ್ರಮ ಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಬಹಳ ವರದಿಗಳಲ್ಲಿ ‘ಆರೋಪಿ’ ಅನ್ನುವ ಪದ ಸರಿಯಾಗಿಯೇ ಇರುತ್ತದೆ. ಆದರೆ ಅದು ತಾಯತದ ಹಾಗೆ. ಒಂದು ಕಡೆ ಕಟ್ಟಿಬಿಟ್ಟರೆ ಆಮೇಲೆ ಏನು ಬೇಕಾದರೂ ಬರೆಯಬಹುದು ಅನ್ನುವ ನಂಬಿಕೆ. ‘ಹಣದ ಆಸೆಗೆ ವೃದ್ಧೆಯ ಕತ್ತು ಹಿಸುಕಿದ ಆರೋಪಿ, ಒಡವೆ ದೋಚಿ ಬೈಕಿನಲ್ಲಿ ಪರಾರಿಯಾಗಿದ್ದ.’ ಈ ವಾಕ್ಯದಲ್ಲಿ ಆರೋಪ ಎಲ್ಲಿದೆ? ಹಿಸುಕಿದ, ದೋಚಿದ, ಪರಾರಿಯಾದ. ಮೂರು ಕ್ರಿಯಾಪದ ಸೇರಿ ತೀರ್ಪು ಕೊಟ್ಟಾಗಿದೆ. ನಾಮಪದ ಮಾತ್ರ ಪಾಪ, ಮೂಲೆಯಲ್ಲಿ ಕೂತು ‘ನಾನಿನ್ನೂ ಆರೋಪಿ’ ಅನ್ನುತ್ತಿದೆ. ‘ಕೊಲೆ ಆರೋಪಿ’ ಸರಿ. ‘ಕೊಲೆ ಮಾಡಿದ ಆರೋಪ ಹೊತ್ತವನು’ ಸರಿ. ‘ಕೊಲೆ ಮಾಡಿದ ಆರೋಪಿ’ ತಪ್ಪು.

ಬಹಳ ವರ್ಷಗಳ ಹಿಂದೆ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಸ್ವಲ್ಪ ಕಾಲ ರಾತ್ರಿ ಪಾಳಿ ಮಾಡಿದ್ದೆ. ಅಲ್ಲಿದ್ದ ಹಿರಿಯ ಉಪಸಂಪಾದಕರೊಬ್ಬರು ಕ್ರೈಂ ಕಾಪಿ ಬಂದರೆ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಯಾಕೆ ಸಾರ್ ಅಂದರೆ, ‘ಕನ್ನಡದಲ್ಲಿ ಯಾರು ಹೇಳಿದ್ದು ಅನ್ನೋದು ಬಾಲದಲ್ಲಿರುತ್ತೆ ಕಣಯ್ಯಾ’ ಅಂದರು. ನಿಜ. ನಮ್ಮ ವಾಕ್ಯದಲ್ಲಿ ‘ಎಂದು ಪೊಲೀಸರು ತಿಳಿಸಿದ್ದಾರೆ’ ಬರುವುದು ಕೊನೆಗೆ. ಅದೂ ಎಷ್ಟೋ ಸಲ ಐದು ವಾಕ್ಯಕ್ಕೆಲ್ಲ ಸೇರಿ ಒಂದೇ ಒಂದು ‘ಎಂದು’. ಅಲ್ಲಿಗೆ ತಲುಪುವ ಹೊತ್ತಿಗೆ ಓದುಗರು ಐದನ್ನೂ ಕಣ್ಣಾರೆ ಕಂಡ ಹಾಗೆ ನಂಬಿಯಾಗಿರುತ್ತದೆ. ಜಾಗ ಸಾಲದೆ ಕೊನೆಯ ಸಾಲು ಕತ್ತರಿಸಿದರಂತೂ ‘ಎಂದು’ವೂ ಹೋಯಿತು, ಪೊಲೀಸರೂ ಹೋದರು, ಪತ್ರಿಕೆಯೇ ಹೇಳಿದ ಹಾಗಾಯಿತು. ಅವರು ಪೆನ್ನು ತೆಗೆದು ‘ಪೊಲೀಸರ ಪ್ರಕಾರ’ ಅನ್ನುವುದನ್ನು ಎಳೆದು ತಂದು ವಾಕ್ಯದ ತಲೆಗೆ ಇಡುತ್ತಿದ್ದರು. ‘ಹಿಸುಕಿದ’ ಹೊಡೆದು ‘ಹಿಸುಕಿದ ಆರೋಪದ ಮೇಲೆ’ ಅಂತ ಮೇಲೆ ಸಣ್ಣಕ್ಷರದಲ್ಲಿ ಬರೆಯುತ್ತಿದ್ದರು. ಅಷ್ಟೇ ಕೆಲಸ. ಒಂದು ನಿಮಿಷ ಹಿಡಿಯುತ್ತಿರಲಿಲ್ಲ. ಈಗ ಟಿವಿಯಲ್ಲಿ ಕೆಳಗೆ ಓಡುವ ಪಟ್ಟಿಗೆ ಬಾಲವೇ ಇಲ್ಲ, ಇನ್ನು ‘ಎಂದು’ ಎಲ್ಲಿಂದ ಬರಬೇಕು.

‘ಎನ್ನಲಾಗಿದೆ’ ಅನ್ನುವುದು ಇದರ ಇನ್ನೊಂದು ಅವತಾರ. ಯಾರು ಅಂದರು ಅಂತ ಕೇಳಿದರೆ ಉತ್ತರ ಇಲ್ಲ. ಅದರ ಬಗ್ಗೆ ಬರೆಯಲು ಕೂತರೆ ಇವತ್ತು ಮುಗಿಯುವುದಿಲ್ಲ, ಬಿಡಿ.

ವಿಚಾರಣೆ ಅನ್ನುವ ಪದವೂ ಇಲ್ಲಿ ಕೈಕೊಡುತ್ತದೆ. ಪೊಲೀಸರು ಠಾಣೆಗೆ ಕರೆದು ನಾಲ್ಕು ಪ್ರಶ್ನೆ ಕೇಳುವುದೂ ವಿಚಾರಣೆ, ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯುವುದೂ ವಿಚಾರಣೆ. ನಮ್ಮ ಬೀದಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವರೊಬ್ಬರಿದ್ದಾರೆ. ಒಂದು ಮದುವೆ ಮನೆಯಲ್ಲಿ ಒಡವೆ ಕಳುವಾಯಿತು. ಅಲ್ಲಿ ಕೆಲಸಕ್ಕಿದ್ದವರನ್ನೆಲ್ಲ ಪೊಲೀಸರು ಕರೆಸಿದರು, ಇವರನ್ನೂ ಕರೆಸಿದರು. ಮಧ್ಯಾಹ್ನ ಹೋದವರು ಸಂಜೆಗೆ ಮನೆಗೆ ಬಂದರು. ಎಫ್‌ಐಆರ್‌ನಲ್ಲಿ ಇವರ ಹೆಸರೇ ಇರಲಿಲ್ಲ. ಆದರೆ ಅಷ್ಟರಲ್ಲಿ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಒಂದು ಲೋಕಲ್ ಸುದ್ದಿ ಪುಟದಲ್ಲಿ ‘ಒಡವೆ ಕಳವು: ಆರೋಪಿಯ ತೀವ್ರ ವಿಚಾರಣೆ’ ಅಂತ ಇವರು ಠಾಣೆಯ ಮೆಟ್ಟಿಲು ಹತ್ತುವ ಫೋಟೊ. ಆಮೇಲೆ ಹೋಗಿ ಕೇಳಿದರೆ ಆ ಪುಟ ನಡೆಸುವ ಹುಡುಗ, ‘ಅಪರಾಧಿ ಅಂತ ಹಾಕಿಲ್ಲವಲ್ಲ ಅಣ್ಣ, ಆರೋಪಿ ಅಂತ ತಾನೇ ಹಾಕಿರೋದು’ ಅಂದನಂತೆ. ಆರೋಪಿಯೂ ಅಲ್ಲ, ಶಂಕಿತ ಅನ್ನುವುದಕ್ಕೂ ಆಧಾರ ಇಲ್ಲ, ಬರೀ ವಿಚಾರಿಸಲು ಕರೆದ ಮನುಷ್ಯ. ಆ ಶ್ರಾವಣದಲ್ಲಿ ಅವರ ಪಾತ್ರೆಗಳು ಗೋಡೌನಿನಿಂದ ಹೊರಗೆ ಬರಲಿಲ್ಲ. ಒಡವೆ ಕೊನೆಗೆ ಸಿಕ್ಕಿತು, ಇನ್ಯಾರದೋ ಹತ್ತಿರ. ಆ ಸುದ್ದಿಗೆ ಇವರ ಫೋಟೊ ಬೇಕಿರಲಿಲ್ಲವಲ್ಲ, ಹಾಕಲಿಲ್ಲ.

ಇದು ಸಣ್ಣ ಊರಿನ, ಸಣ್ಣ ಪುಟದ ಕತೆ ಅಂದುಕೊಳ್ಳಬೇಡಿ. 2008ರ ಮೇನಲ್ಲಿ ನೊಯ್ಡಾದಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಕೊಲೆಯಾದಾಗ, ಮನೆಯ ಕೆಲಸದವನು ಕಾಣುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ದಿನ ಅವನೇ ಕೊಲೆಗಾರ ಅಂತಾಯಿತು. ಮರುದಿನ ಅವನ ಹೆಣ ಅದೇ ಕಟ್ಟಡದ ತಾರಸಿಯ ಮೇಲೆ ಸಿಕ್ಕಿತು. ಅಷ್ಟು ಹೊತ್ತು ದೇಶವೆಲ್ಲ ಹುಡುಕುತ್ತಿದ್ದ ‘ಪರಾರಿ’ ಅವನು. ಆಮೇಲೆ ಗೂಬೆ ತಂದೆತಾಯಿಯ ಹೆಗಲಿಗೆ ಹೋಯಿತು. 2013ರಲ್ಲಿ ಗಾಜಿಯಾಬಾದಿನ ಕೋರ್ಟು ಅವರನ್ನು ಅಪರಾಧಿಗಳು ಅಂದಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟು ಖುಲಾಸೆ ಮಾಡಿತು. ಈ ನಡುವೆ ಟಿವಿಯಲ್ಲಿ ಏನೇನು ಬಂತು ಅಂತ ನೆನಪಿರುವವರಿಗೆ ನಾನು ಹೇಳಬೇಕಿಲ್ಲ.

ಅದಕ್ಕೂ ಹಿಂದೆ ಇಸ್ರೋ ಗೂಢಚಾರಿಕೆ ಪ್ರಕರಣ. ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು 1994ರ ನವೆಂಬರ್ 30ರಂದು ಬಂಧಿಸಿದರು. ರಾಕೆಟ್ ರಹಸ್ಯ ಮಾರಿದ ಆರೋಪ. ದಿನಗಟ್ಟಲೆ ಪತ್ರಿಕೆಗಳಲ್ಲಿ ರಸವತ್ತಾದ ಕತೆಗಳು ಬಂದವು. 1996ರಲ್ಲಿ ಸಿಬಿಐ ಇದೆಲ್ಲ ಸುಳ್ಳು ಅಂದಿತು, 1998ರಲ್ಲಿ ಸುಪ್ರೀಂ ಕೋರ್ಟು ಪ್ರಕರಣಕ್ಕೆ ತೆರೆ ಎಳೆಯಿತು. ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 14ರಂದು. ಲೆಕ್ಕ ಹಾಕಿ, ಹತ್ತಿರ ಹತ್ತಿರ 24 ವರ್ಷ. ಅದೇ ಪ್ರಕರಣದಲ್ಲಿ ಬಂಧನವಾಗಿದ್ದ ಬೆಂಗಳೂರಿನವರೊಬ್ಬರು ಆ ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು. ಕೋಮಾದಲ್ಲಿದ್ದ ಅವರಿಗೆ ತೀರ್ಪಿನ ಸುದ್ದಿ ತಿಳಿಯಲೇ ಇಲ್ಲ.

ಇನ್ನು ಚಿಲ್ಲರೆ ತಕರಾರುಗಳು. ‘ಎ1 ಆರೋಪಿ’, ‘ಎ2 ಆರೋಪಿ’. ಆ ‘ಎ’ ಅಂದರೇ ಆರೋಪಿ ಸ್ವಾಮಿ! ಗೇಟು ಬಾಗಿಲು ಅಂದ ಹಾಗಾಯಿತು. ಎ1 ಅನ್ನಿ, ಇಲ್ಲ ಮೊದಲ ಆರೋಪಿ ಅನ್ನಿ. ಎ1 ಅಂದರೆ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವನು ಅಂತಲೂ ಅಲ್ಲ, ಅದು ಪಟ್ಟಿಯ ಕ್ರಮಸಂಖ್ಯೆ.

‘ಖದೀಮ’ ಟಿವಿಯವರ ಮುದ್ದಿನ ಪದ. ಅರಬ್ಬಿಯಿಂದ ಉರ್ದು ದಾಟಿ ಬಂದದ್ದು, ಮೂಲದಲ್ಲಿ ಹಳೆಯ ಅಂತಷ್ಟೇ ಅರ್ಥ. ಖದೀಮ ಕಳ್ಳ ಅಂದರೆ ಹಳೇ ಕಳ್ಳ, ಪಳಗಿದವನು. ಮೊನ್ನೆ ಮೊದಲ ಸಲ ಮೊಬೈಲ್ ಕದ್ದ ಅನ್ನುವ ಹತ್ತೊಂಬತ್ತರ ಹುಡುಗನನ್ನು ಖದೀಮ ಅಂದರೆ ಎರಡೆರಡು ತಪ್ಪು. ಕದ್ದದ್ದು ಇನ್ನೂ ಸಾಬೀತಾಗಿಲ್ಲ, ಅವನು ಹಳಬನಂತೂ ಅಲ್ಲವೇ ಅಲ್ಲ.

‘ತಪ್ಪೊಪ್ಪಿಕೊಂಡ ಆರೋಪಿ’ ಅನ್ನುವುದನ್ನು ಓದಿದರೆ ನನಗೆ ಜಾಸ್ತಿ ಸಿಟ್ಟು ಬರುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿ ಅಂತ ತರುವ ಹಾಗಿಲ್ಲ. ಅವನ ಹೇಳಿಕೆಯಿಂದ ವಸ್ತು ಏನಾದರೂ ಸಿಕ್ಕಿದರೆ ಅಷ್ಟು ಭಾಗ ಮಾತ್ರ ನಡೆಯುತ್ತದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಹೀಗಿತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಹೀಗೇ ಇದೆ. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ಇಲ್ಲದ ನಂಬಿಕೆ ನಮ್ಮ ಕ್ರೈಂ ವರದಿಗಾರರಿಗೆ ಇದೆ. ಚಾರ್ಜ್‌ಶೀಟ್ ಕತೆಯೂ ಅಷ್ಟೇ. ಅದರ ಕನ್ನಡ ಹೆಸರೇ ದೋಷಾರೋಪ ಪಟ್ಟಿ. ಹೆಸರಿನಲ್ಲೇ ಆರೋಪ ಇದೆ. ಆದರೂ ‘ಚಾರ್ಜ್‌ಶೀಟ್‌ನಲ್ಲಿ ಸಾಬೀತು’ ಅಂತ ಬರೆಯುತ್ತಾರೆ.

ಉಲ್ಟಾ ದಿಕ್ಕಿನ ತಪ್ಪೂ ಇದೆ. ಜಾಮೀನು ಸಿಕ್ಕ ದಿನ ಪಟಾಕಿ ಹೊಡೆದು ‘ಸತ್ಯಕ್ಕೆ ಜಯ’ ಅಂತ ಬ್ಯಾನರ್ ಕಟ್ಟುತ್ತಾರೆ, ಅದನ್ನೇ ಚಾನೆಲ್ಲುಗಳು ತೋರಿಸುತ್ತವೆ. ಜಾಮೀನು ಅಂದರೆ ಹೊರಗಿದ್ದು ಕೇಸು ನಡೆಸು ಅಂತ ಅಷ್ಟೇ. ಆರೋಪ ತಲೆಯ ಮೇಲೆ ಹಾಗೇ ಇರುತ್ತದೆ. ಅದು ಇಳಿಯುವುದು ಖುಲಾಸೆಯಾದಾಗ. ಹಿಂದಿಯಲ್ಲಿ ಖುಲಾಸಾ ಅಂದರೆ ಬಯಲು ಮಾಡುವುದು, ನಮ್ಮಲ್ಲಿ ಬಿಡುಗಡೆ. ಎರಡನ್ನೂ ಕಲಸಿ ಭಾಷಾಂತರ ಮಾಡುವವರೂ ಇದ್ದಾರೆ.

‘ಶೀರ್ಷಿಕೆಯಲ್ಲಿ ಜಾಗ ಇರಲ್ಲ ಸಾರ್, ಇಷ್ಟೆಲ್ಲ ನೋಡಕ್ಕಾಗುತ್ತಾ’ ಅಂತ ಡೆಸ್ಕಿನ ಗೆಳೆಯರು ಹೇಳುತ್ತಾರೆ. ಎಣಿಸಿ ನೋಡಿದೆ. ‘ಕೊಲೆಗಾರ ಅಂದರ್’ ಏಳು ಅಕ್ಷರ. ‘ಕೊಲೆ ಆರೋಪಿ ಸೆರೆ’, ಅದೂ ಏಳೇ. ಇನ್ನು ‘ಆರೋಪಿಗೆ ಜೀವಾವಧಿ ಶಿಕ್ಷೆ’ ಅನ್ನುವುದನ್ನು ‘ಅಪರಾಧಿಗೆ’ ಅಂತ ಮಾಡಬೇಕಾದರೆ ಒಂದಕ್ಷರ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ.