ನೂಲು ಪಾಲಿಮರ್‌ನದು, ಅಂಕಿ ದ್ರವದ್ದು

ಎಲೆಕ್ಟ್ರೊಸ್ಪಿನ್ನಿಂಗ್‌ನಿಂದ, ಅಂದರೆ ಹೆಚ್ಚಿನ ವೋಲ್ಟೇಜ್‌ನಲ್ಲಿ ದ್ರಾವಣವನ್ನು ಎಳೆಯಾಗಿ ಸೆಳೆಯುವ ವಿಧಾನದಿಂದ, ತೆಗೆದ ಪಾಲಿಮರ್ ನೂಲಿನ ಪೊರೆ ಲಿಥಿಯಂ ಬ್ಯಾಟರಿಗೆ ಎಲೆಕ್ಟ್ರೊಲೈಟ್ (ಎರಡು ವಿದ್ಯುದ್ವಾರಗಳ ನಡುವೆ ಅಯಾನುಗಳನ್ನು ಹರಿಸುವ ವಸ್ತು) ಆದೀತೇ? ಸಂಶೋಧನಾ ಪ್ರಬಂಧಗಳನ್ನು ಕೇಳಿದರೆ ಇಪ್ಪತ್ತು ವರ್ಷದ ಹಿಂದೆಯೇ ಹೌದು. ಬ್ಯಾಟರಿ ಕಾರ್ಖಾನೆಯನ್ನು ಕೇಳಿದರೆ, ಇನ್ನೂ ನೋಡೋಣ. ಎರಡೂ ಸುಳ್ಳಲ್ಲ. ಪಾಲಿಮರ್ ಎಲೆಕ್ಟ್ರೊಲೈಟ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ, ಗೊಂದಲ ಅಲ್ಲಿಯದು.

ಮೊದಲನೆಯದು ಒಣ ಪಾಲಿಮರ್. ಪಾಲಿಎಥಿಲೀನ್ ಆಕ್ಸೈಡ್‌ನಲ್ಲಿ ಲವಣ ಕರಗಿಸಿದರೆ ಅದರ ಮೂಲಕ ಅಯಾನುಗಳು ಹರಿಯುತ್ತವೆ ಎಂದು ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ ಪೀಟರ್ ರೈಟ್ ಮತ್ತು ಸಂಗಡಿಗರು ತೋರಿಸಿದರು. ಇದನ್ನು ಬ್ಯಾಟರಿಗೆ ಬಳಸಬಹುದು ಎಂದು ಆ ದಶಕದ ಕೊನೆಗೆ ಹೇಳಿದವರು ಮಿಶೆಲ್ ಅರ್ಮಾಂಡ್. ತೊಡಕು ಶಾಖದ್ದು. ಸುಮಾರು 60 ಡಿಗ್ರಿಗಿಂತ ಕೆಳಗೆ ಈ ಪಾಲಿಮರ್ ಹರಳುಗಟ್ಟುತ್ತದೆ, ಅದರ ಸರಪಳಿಗಳ ಓಲಾಟ ನಿಂತರೆ ಅಯಾನುಗಳ ಓಟವೂ ನಿಲ್ಲುತ್ತದೆ. ಕೋಣೆಯ ಉಷ್ಣತೆಯಲ್ಲಿ ಇದರ ವಾಹಕತೆ ದ್ರವ ಎಲೆಕ್ಟ್ರೊಲೈಟ್‌ಗಿಂತ ಸಾವಿರಾರು ಪಟ್ಟು ಕಡಿಮೆ. ಹಾಗಾಗಿ ತೊಂಬತ್ತರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯ ನಡುದಾರಿ ಹಿಡಿಯಿತು: ಪಿವಿಡಿಎಫ್ (ಫ್ಲೋರಿನ್ ಇರುವ ಒಂದು ಪ್ಲಾಸ್ಟಿಕ್) ಜಾತಿಯ ಪಾಲಿಮರ್ ಹಾಳೆಯಲ್ಲಿ ರಂಧ್ರ ಮಾಡಿ ದ್ರವ ಕುಡಿಸುವುದು. ಇದು ಜೆಲ್, ಎರಡನೆಯ ವಸ್ತು.

ಎಲೆಕ್ಟ್ರೊಸ್ಪಿನ್ನಿಂಗ್‌ನಿಂದ ನೂಲು ತೆಗೆಯುವ ವಿದ್ಯೆಗೂ ಬ್ಯಾಟರಿಗೂ ಆವರೆಗೆ ಸಂಬಂಧವೇ ಇರಲಿಲ್ಲ. 1902ರಲ್ಲಿ ಪೇಟೆಂಟ್, 1934ರಲ್ಲಿ ಫಾರ್ಮಾಲ್ಸ್ ಅವರ ಸುಧಾರಣೆ, ಅರವತ್ತರ ದಶಕದಲ್ಲಿ ಜೆಫ್ರಿ ಟೇಲರ್ ಅವರ ಗಣಿತ, ತೊಂಬತ್ತರ ದಶಕದಲ್ಲಿ ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದಲ್ಲಿ ಡ್ಯಾರೆಲ್ ರೆನೆಕರ್ ಅವರಿಂದ ಮರುಜೀವ. ಎರಡು ದಾರಿಗಳು ಕೂಡಿದ್ದು 2000ದ ನಂತರ, ಮುಖ್ಯವಾಗಿ ದಕ್ಷಿಣ ಕೊರಿಯಾದ ಪ್ರಯೋಗಾಲಯಗಳಲ್ಲಿ.

ಆಗ ನಡೆದದ್ದು ನಿಜಕ್ಕೂ ಸೊಗಸಾದ ಕೆಲಸ. ಪಿವಿಡಿಎಫ್ ಅನ್ನು ಡಿಎಂಎಫ್, ಅಸಿಟೋನ್‌ನಂಥ ದ್ರಾವಕದಲ್ಲಿ ಕರಗಿಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಗೆ 10ರಿಂದ 30 ಕಿಲೋವೋಲ್ಟ್ ಕೊಟ್ಟರೆ ತುದಿಯ ಹನಿ ಶಂಕುವಿನಂತೆ ಚೂಪಾಗುತ್ತದೆ, ಅದರಿಂದ ಚಿಮ್ಮಿದ ಎಳೆ ಗಾಳಿಯಲ್ಲಿ ಚಾಟಿಯಂತೆ ಬಳುಕಿ ತೆಳ್ಳಗಾಗಿ, ದ್ರಾವಕ ಆರಿಹೋಗಿ, ಎದುರಿನ ಉರುಳೆಯ ಮೇಲೆ ಬಂದು ಕೂರುತ್ತದೆ. ಹೀಗೆ ಒಂದರ ಮೇಲೊಂದು ಬಿದ್ದ ಎಳೆಗಳ ಪೊರೆಯಲ್ಲಿ ಸುಮಾರು 80 ಶೇಕಡಾ ಖಾಲಿ ಜಾಗ. ಮಾರುಕಟ್ಟೆಯ ಪಾಲಿಪ್ರೊಪಿಲೀನ್ ಸೆಪರೇಟರ್‌ನಲ್ಲಿ (ವಿದ್ಯುದ್ವಾರಗಳನ್ನು ಬೇರ್ಪಡಿಸುವ ಹಾಳೆ) 40ರ ಆಸುಪಾಸು. ಪೊರೆ ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು ದ್ರವ ಹೀರುತ್ತದೆ. ನೂಲಿನ ಹರಳುಗಟ್ಟಿದ ಭಾಗ ಆಕಾರ ಕಾಯುತ್ತದೆ, ಉಳಿದ ಭಾಗ ದ್ರವ ಕುಡಿದು ಉಬ್ಬಿ ಅದನ್ನು ಸೋರದಂತೆ ಹಿಡಿಯುತ್ತದೆ. ವಾಹಕತೆ ಸೆಂಟಿಮೀಟರಿಗೆ 10⁻³ ಸೀಮೆನ್ಸ್ ಮುಟ್ಟಿತು.

ಆದರೆ ಆ ಅಂಕಿ ಬಹುಪಾಲು ದ್ರವದ್ದು, ನೂಲಿನದಲ್ಲ. ಅದನ್ನು ಒಣ ಪಾಲಿಮರ್‌ನ ಅಂಕಿಯ ಪಕ್ಕದಲ್ಲಿಟ್ಟು ಸಾವಿರ ಪಟ್ಟು ಸುಧಾರಣೆ ಎನ್ನುವುದು ಕ್ರಮೇಣ ವಾಡಿಕೆಯಾಯಿತು. ಎಷ್ಟು ಹೀರಿತು ಎಂಬುದೇ ಅಂಕಪಟ್ಟಿಯಾಯಿತು, 300 ಶೇಕಡಾ, 400 ಶೇಕಡಾ ಎಂದು ಮೇಲಾಟ. ಬ್ಯಾಟರಿ ಕಟ್ಟುವವರ ಕಣ್ಣಿಗೆ ಇದು ತಲೆಕೆಳಗು. ಹೀರಿದ ದ್ರವವೆಂದರೆ ತೂಕ, ಖರ್ಚು, ಮೇಲಾಗಿ ಬೆಂಕಿ ಹತ್ತುವ ವಸ್ತು. ಸಡಿಲ ಪೊರೆಗೆ ಬಲವೂ ಕಡಿಮೆ, ವಿದ್ಯುದ್ವಾರದ ಮೇಲೆ ಬೆಳೆಯುವ ಲಿಥಿಯಂ ಮುಳ್ಳುಗಳು ತೂರಿಬಂದರೆ ತಡೆಯುವುದು ಕಷ್ಟ. ಬಲ ಬರಲೆಂದು ಬಿಸಿ ಮಾಡಿ ಒತ್ತಿದರೆ ಯಾವ ಖಾಲಿ ಜಾಗಕ್ಕಾಗಿ ಇಷ್ಟೆಲ್ಲ ಮಾಡಿದ್ದೋ ಅದೇ ಕುಗ್ಗುತ್ತದೆ.

ನೂಲಿನ ನಿಜವಾದ ಗುಣ ಬೇರೆಡೆ ಇದೆ ಎನಿಸುತ್ತದೆ. ಪಾಲಿಇಮೈಡ್ ನೂಲು 200 ಡಿಗ್ರಿ ದಾಟಿದರೂ ಕುಗ್ಗದು. ಸಾಮಾನ್ಯ ಪಾಲಿಎಥಿಲೀನ್ ಸೆಪರೇಟರ್ 135ರ ಹೊತ್ತಿಗೆ ಕರಗುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ತಂಡ ನೂಲಿನ ತಿರುಳಿನಲ್ಲೇ ಬೆಂಕಿನಿರೋಧಕ ರಾಸಾಯನಿಕ ತುಂಬಿಸಿತು. ಅದು ದ್ರವಕ್ಕೆ ಬೆರೆಯುವುದು ಶಾಖಕ್ಕೆ ಹೊರಕವಚ ಕರಗಿದಾಗ ಮಾತ್ರ. ಇಂಥ ಕೆಲಸ ಹಾಳೆಯಿಂದ ಆಗದು.

ಮೂರನೆಯ ವಸ್ತು ಬಂದದ್ದು 2015ರ ಸುಮಾರಿಗೆ. ಸೆರಾಮಿಕ್ ಆಗಬಲ್ಲ ಲವಣಗಳನ್ನು ಪಾಲಿಮರ್ ಜತೆ ನೂತು ಕುಲುಮೆಯಲ್ಲಿ ಸುಟ್ಟರೆ ಪಾಲಿಮರ್ ಉರಿದುಹೋಗಿ ಅಯಾನು ಹರಿಸುವ ಸೆರಾಮಿಕ್ ಎಳೆ ಉಳಿಯುತ್ತದೆ. 2016ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಗಾರ್ನೆಟ್ ಎಂಬ ಬಗೆಯ ಸೆರಾಮಿಕ್ ಎಳೆಗಳ ಜಾಲಕ್ಕೆ ಪಾಲಿಎಥಿಲೀನ್ ಆಕ್ಸೈಡ್ ತುಂಬಿ, ಕೋಣೆಯ ಉಷ್ಣತೆಯಲ್ಲೇ ಸೆಂಟಿಮೀಟರಿಗೆ 2.5×10⁻⁴ ಸೀಮೆನ್ಸ್ ವಾಹಕತೆ ಪಡೆಯಿತು. ಹಿಂದಿನ 10⁻³ಕ್ಕಿಂತ ಸಣ್ಣ ಅಂಕಿ, ಆದರೆ ಇದರಲ್ಲಿ ದ್ರವವಿಲ್ಲ.

ಉಳಿದದ್ದು ತಯಾರಿಕೆ. ಒಂದು ಸೂಜಿಯಿಂದ ಗಂಟೆಗೆ ಇಳಿಯುವುದು ಒಂದೆರಡು ಮಿಲಿಲೀಟರ್ ದ್ರಾವಣ, ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಕ. ಚೆಕ್ ಗಣರಾಜ್ಯದ ಲಿಬೆರೆಟ್ಸ್‌ನಲ್ಲಿ ಬೆಳೆದ ಸೂಜಿರಹಿತ ಯಂತ್ರಗಳು ವೇಗ ಹೆಚ್ಚಿಸಿದವು, ಆವಿಯನ್ನು ಹಿಡಿದು ಮರುಬಳಸುವ ಖರ್ಚು ಹಾಗೇ ಉಳಿಯಿತು. 2023ರಲ್ಲಿ ಯುರೋಪಿನಲ್ಲಿ ಪ್ರಕಟವಾದ ಪಿಎಫ್‌ಎಎಸ್ (ಪರಿಸರದಲ್ಲಿ ಸುಲಭಕ್ಕೆ ಕರಗಿಹೋಗದ ಫ್ಲೋರಿನ್ ರಾಸಾಯನಿಕಗಳು) ನಿರ್ಬಂಧದ ಪ್ರಸ್ತಾವದ ವ್ಯಾಪ್ತಿಗೆ ಫ್ಲೋರಿನ್ ಇರುವ ಪಿವಿಡಿಎಫ್ ಕೂಡ ಬರುತ್ತದೆ. ಪಾಲಿಅಕ್ರಿಲೊನೈಟ್ರೈಲ್‌ನಲ್ಲಿ ಫ್ಲೋರಿನ್ ಇಲ್ಲ. ಆದರೆ ಅದನ್ನು ಕರಗಿಸಲು ಸಾಮಾನ್ಯವಾಗಿ ಬಳಸುವುದು ಯಕೃತ್ತಿಗೆ ಹಾನಿ ಮಾಡುವ ಅದೇ ಡಿಎಂಎಫ್.