ಒಂದೇ ಪಾರ್ಸೆಲ್‌ನಲ್ಲಿ ಬಂದ ಸಿಡಿ ಹಾಡುತ್ತದೆ, ಸಿನಿಮಾ ಯಾಕೆ ಓಡುವುದಿಲ್ಲ?

ಪ್ರಶ್ನೆ: ತಂಗಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದಾಳೆ. ನನಗೆ ಸೆಲ್ಟಿಕ್ ಸಂಗೀತದ (ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜಾನಪದ ಸಂಗೀತ) ಹುಚ್ಚು, ನಮ್ಮನೆಯವರಿಗೆ ಹಳೆಯ ಸಾಹಸ ಸಿನಿಮಾಗಳ ಹುಚ್ಚು. ಇಬ್ಬರಿಗೂ ಸೇರಿಸಿ ಒಂದು ಪಾರ್ಸೆಲ್ ಕಳಿಸಿದಳು. ಸಿಡಿಗಳೆಲ್ಲ ಚೆನ್ನಾಗಿ ಹಾಡುತ್ತಿವೆ. ಸಿನಿಮಾ ಡಿವಿಡಿ ಹಾಕಿದರೆ ಮಾತ್ರ ಟಿವಿಯಲ್ಲಿ ರೀಜನ್ ಅಂತೇನೋ ಒಂದು ಸಾಲು ಬಂದು ಪ್ಲೇಯರ್ ನಿಂತುಬಿಡುತ್ತದೆ. ಒಂದು ಬ್ಲೂ-ರೇ ಇದೆ, ಅದೂ ಹಾಗೇ. ಡಿಸ್ಕ್ ಹಾಳಾಗಿದೆಯಾ? ಆಷಾಢದ ಮಳೆಯಲ್ಲಿ ಬಂದ ಪಾರ್ಸೆಲ್, ಬೂಸ್ಟು ಹಿಡಿದಿರಬಹುದಾ?
(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು)

ಡಿಸ್ಕ್ ಹಾಳಾಗಿಲ್ಲ. ದಯವಿಟ್ಟು ವಾಪಸ್ ಕಳಿಸಬೇಡಿ.

ಬೂಸ್ಟಿನ ಅನುಮಾನ ನಮ್ಮ ಕಡೆಯವರಿಗೆ ಮೊದಲು ಬರುವುದೇ. ಆದರೆ ಟಿವಿಯ ಮೇಲೆ ಬಂದ ಆ ಒಂದು ಸಾಲೇ ನಿಮ್ಮ ಡಿಸ್ಕ್ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ. ಬೂಸ್ಟು ಹಿಡಿದ ಡಿಸ್ಕ್ ಹಾಕಿದರೆ ಪ್ಲೇಯರ್ ಗರಗರ ತಿರುಗಿಸಿ 'ನೋ ಡಿಸ್ಕ್' ಅನ್ನುತ್ತದೆ, ಇಲ್ಲವೇ ಸಿನಿಮಾ ಅರ್ಧಕ್ಕೆ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ನಿಮ್ಮ ಪ್ಲೇಯರ್ ಡಿಸ್ಕನ್ನು ಸರಿಯಾಗಿಯೇ ಓದಿದೆ. ಓದಿದ ಮೇಲೆ, ಇದು ಬೇರೆ ಪ್ರದೇಶದ್ದು, ನಾನು ತೋರಿಸಲ್ಲ ಅಂತ ಕೂತಿದೆ.

ಡಿವಿಡಿ ಮೊದಲು ಬಂದದ್ದು 1996ರಲ್ಲಿ, ಜಪಾನಿನಲ್ಲಿ. ಆಗ ಒಂದು ಹಾಲಿವುಡ್ ಸಿನಿಮಾ ಎಲ್ಲಾ ದೇಶಗಳಲ್ಲಿ ಒಂದೇ ದಿನ ಬಿಡುಗಡೆ ಆಗುತ್ತಿರಲಿಲ್ಲ. ಅಮೆರಿಕದಲ್ಲಿ ಡಿಸ್ಕ್ ಬರುವ ಹೊತ್ತಿಗೆ ಇನ್ನೊಂದು ದೇಶದ ಟಾಕೀಸಿಗೆ ಪ್ರಿಂಟೇ ಬಂದಿರುತ್ತಿರಲಿಲ್ಲ. ಡಿಸ್ಕ್ ಮೊದಲೇ ಅಲ್ಲಿಗೆ ಹೋಗಿಬಿಟ್ಟರೆ ಟಿಕೆಟ್ ಯಾರು ತೆಗೆದುಕೊಳ್ಳುತ್ತಾರೆ, ಅಲ್ವಾ? ಮೇಲಾಗಿ ಒಂದೊಂದು ದೇಶದಲ್ಲಿ ಮಾರುವ ಹಕ್ಕು ಒಂದೊಂದು ಕಂಪನಿಯದು. ಹಾಗಾಗಿ ಸ್ಟುಡಿಯೋಗಳು ಹಠ ಹಿಡಿದು ಪ್ರಪಂಚವನ್ನು ಆರು ಭಾಗ ಮಾಡಿಸಿದವು. ಅಮೆರಿಕ, ಕೆನಡಾ 1. ಯುರೋಪಿನ ಹೆಚ್ಚಿನ ದೇಶಗಳು ಮತ್ತು ಜಪಾನ್ 2. ಆಸ್ಟ್ರೇಲಿಯಾ 4. ಚೀನಾ 6. ನಾವು ರಷ್ಯಾ ಮತ್ತು ಆಫ್ರಿಕಾದ ಬಹುಪಾಲು ದೇಶಗಳ ಜೊತೆ 5. ನಿಮ್ಮ ತಂಗಿ ಕೊಂಡದ್ದು 2ರ ಡಿಸ್ಕ್, ನಿಮ್ಮ ಮನೆಯಲ್ಲಿರುವುದು 5ರ ಪ್ಲೇಯರ್. ಬ್ಲೂ-ರೇಯಲ್ಲಿ ಭಾಗಗಳು ಮೂರೇ: ಅಮೆರಿಕ ಮತ್ತು ಜಪಾನ್ 'ಎ'; ಯುರೋಪ್ ಮತ್ತು ಆಸ್ಟ್ರೇಲಿಯಾ 'ಬಿ'; ಭಾರತ, ಚೀನಾ ಮತ್ತು ರಷ್ಯಾ 'ಸಿ'. ಅಲ್ಲೂ ನಿಮಗೆ ತಾಳೆಯಾಗಿಲ್ಲ.

ಈಗ ಎಷ್ಟೋ ಸಿನಿಮಾಗಳು ಎಲ್ಲಾ ಕಡೆ ಒಂದೇ ವಾರ ಬರುತ್ತವೆ. ಬೀಗ ಹಾಕಿದ ಕಾರಣ ಹೋದರೂ ಬೀಗ ಉಳಿದಿದೆ. ಐವತ್ತು ಅರವತ್ತು ವರ್ಷ ಹಳೆಯ ಕಡಲುಗಳ್ಳರ ಸಿನಿಮಾಕ್ಕೂ ಅದೇ ಬೀಗ. ದುಡ್ಡು ಕೊಟ್ಟು ಕೊಂಡವರಿಗೇ ಇದರಿಂದ ತೊಂದರೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಸಿಡಿಗೆ ಯಾಕಿಲ್ಲ? ಸಿಡಿ ಬಂದದ್ದು 1982ರಲ್ಲಿ. ಅದನ್ನು ರೂಪಿಸಿದವರು ಪ್ರದೇಶದ ಬೀಗದ ಯೋಚನೆಯನ್ನೇ ಮಾಡಿರಲಿಲ್ಲ. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಅಂಕಿಗಳಾಗಿ ಬರೆದಿಟ್ಟಿದ್ದಾರೆ, ಅಷ್ಟೇ. ಆ ಲೆಕ್ಕ ಡಬ್ಲಿನ್‌ನಲ್ಲೂ ಒಂದೇ, ಕೊಪ್ಪದಲ್ಲೂ ಒಂದೇ. 2000ದ ನಂತರದ ಕೆಲವು ವರ್ಷ ಒಂದಷ್ಟು ಕಂಪನಿಗಳು ಕಾಪಿ ತಡೆಯಲು ಸಿಡಿಯಲ್ಲಿ ಏನೇನೋ ಕಸರತ್ತು ಮಾಡಿದವು. ಅಂಥವು ಕಂಪ್ಯೂಟರ್‌ನಲ್ಲಿ, ಕಾರಿನ ಪ್ಲೇಯರ್‌ನಲ್ಲಿ ತಕರಾರು ಮಾಡುತ್ತಿದ್ದವು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾತ್ರ 'ಕಾಂಪ್ಯಾಕ್ಟ್ ಡಿಸ್ಕ್' ಅನ್ನುವ ಮುದ್ರೆ ಇದೆಯಾ ನೋಡಿಕೊಳ್ಳಿ.

ಸೆಲ್ಟಿಕ್ ಸಂಗೀತಕ್ಕೆ ಸಿಡಿಯೇ ಬೇಕು ಅನ್ನುವವರ ಪೈಕಿ ನಾನೂ ಒಬ್ಬ. ಕಾರಣ ಧ್ವನಿಗಿಂತ ಜಾಸ್ತಿ, ಒಳಗಿನ ಪುಸ್ತಿಕೆ. ಐರಿಶ್ ವಾದ್ಯ ಸಂಗೀತದಲ್ಲಿ ಒಂದು ಟ್ರ್ಯಾಕ್ ಅಂದರೆ ಒಂದೇ ಮಟ್ಟು ಇರುವುದಿಲ್ಲ. ಎರಡು ಮೂರು ಮಟ್ಟುಗಳನ್ನು ಪೋಣಿಸಿ ಒಟ್ಟಿಗೆ ನುಡಿಸುತ್ತಾರೆ. ಜಿಗ್ ಆದರೆ ಮೂರು ಮೂರರ ಕುಣಿತ, ರೀಲ್ ಆದರೆ ನಾಲ್ಕರ ಓಟ. ಯಾವ ಮಟ್ಟು ಎಲ್ಲಿ ಮುಗಿದು ಯಾವುದು ಶುರುವಾಯಿತು, ಅದನ್ನು ಯಾವ ಊರಿನ ಯಾವ ಹಳೆಯ ಪಿಟೀಲುಗಾರರಿಂದ ಕಲಿತರು, ಇದೆಲ್ಲ ಒಳ್ಳೆಯ ಪುಸ್ತಿಕೆಯಲ್ಲಿ ಇರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಬರೀ ಹೆಸರುಗಳ ನಡುವೆ ಓರೆಗೆರೆ. ಪರಂಪರೆ ಬಾಯಿಂದ ಕಿವಿಗೆ ಬಂದದ್ದಾದಾಗ ಆ ನಾಲ್ಕು ಸಾಲಿನ ಬೆಲೆ ದೊಡ್ಡದು. 1959ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಕ್ಲಾಡಾ ರೆಕಾರ್ಡ್ಸ್ ಮೊದಲು ಹೊರತಂದದ್ದು ಲಿಯೋ ರೌಸಮ್ ಅನ್ನುವ ಪೈಪ್ ವಾದಕರ ಡಿಸ್ಕ್. ಅವರ ಬಳಿ ಕಲಿತ ಪ್ಯಾಡಿ ಮಲೋನಿ 1962ರಲ್ಲಿ 'ದಿ ಚೀಫ್‌ಟನ್ಸ್' ತಂಡ ಕಟ್ಟಿದರು. ಈ ಗುರು ಶಿಷ್ಯರ ಡಿಸ್ಕ್‌ಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ಐರಿಶ್ ಪೈಪನ್ನು ಬಾಯಲ್ಲಿ ಊದುವುದಿಲ್ಲ. ಕೂತುಕೊಂಡು, ಮೊಣಕೈ ಕೆಳಗೆ ತಿದಿ ಒತ್ತಿ ಗಾಳಿ ತುಂಬುತ್ತಾರೆ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನ ಅಬ್ಬರ ಇದರಲ್ಲಿಲ್ಲ, ಕೋಣೆಯೊಳಗೆ ಕೇಳುವಷ್ಟು ಮೆತ್ತಗಿದೆ. ಜೊತೆಗೆ ಗುಮುಗುಡುವ ಬೌರಾನ್ ಮೇಕೆ ಚರ್ಮದ್ದು, ನಮ್ಮ ಕಂಜಿರವನ್ನು ಬುಟ್ಟಿಯಷ್ಟು ದೊಡ್ಡದು ಮಾಡಿದ ಹಾಗೆ.

ಇನ್ನೊಂದು ಲಾಭ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಡಿಸ್ಕಿಗೆ ಕರೆಂಟ್ ಇದ್ದರೆ ಸಾಕು. ಅದೂ ಹೋದರೆ ಇನ್ವರ್ಟರ್.

ಸರಿ, ಬಂದಿರುವ ಸಿನಿಮಾ ಡಿಸ್ಕ್‌ಗಳನ್ನು ಏನು ಮಾಡುವುದು? ಮೊದಲು ಪ್ಲೇಯರ್‌ನ ಮಾಡೆಲ್ ನಂಬರ್ ನೋಡಿ. ಎಷ್ಟೋ ಡಿವಿಡಿ ಪ್ಲೇಯರ್‌ಗಳಲ್ಲಿ ರಿಮೋಟಿನ ಕೆಲವು ಅಂಕಿ ಒತ್ತಿದರೆ ರೀಜನ್ ಬದಲಿಸುವ ಮೆನು ತೆರೆಯುತ್ತದೆ. ಅಂಕಿಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಸುಮ್ನೆ ಕಂಡಕಂಡದ್ದು ಒತ್ತಬೇಡಿ, ನಿಮ್ಮ ಮಾಡೆಲ್ಲಿನದ್ದನ್ನೇ ಹುಡುಕಿ. ಆಗದಿದ್ದರೆ ಕಂಪ್ಯೂಟರ್ ಇದೆ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಮತ್ತು ಉಚಿತವಾಗಿ ಸಿಗುವ ವಿಎಲ್‌ಸಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಬಹಳಷ್ಟು ಸಲ ರೀಜನ್ನಿನ ತಕರಾರೇ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಕಂಪ್ಯೂಟರ್ ಕೆಲವೊಮ್ಮೆ 'ಡ್ರೈವಿನ ರೀಜನ್ ಬದಲಿಸಲಾ' ಅಂತ ಕೇಳುತ್ತದೆ. ಹೂಂ ಅನ್ನುವ ಮೊದಲು ಯೋಚಿಸಿ. ಹೀಗೆ ಬದಲಿಸಲು ಡ್ರೈವ್ ಐದೇ ಅವಕಾಶ ಕೊಡುತ್ತದೆ. ಐದನೆಯ ಸಲ ಯಾವುದಕ್ಕೆ ಇಟ್ಟಿರೋ ಅದಕ್ಕೇ ಕಚ್ಚಿಕೊಂಡು ಬಿಡುತ್ತದೆ. ಲೆಕ್ಕ ಇರುವುದು ಡ್ರೈವಿನ ಒಳಗೇ, ವಿಂಡೋಸ್ ಹೊಸದಾಗಿ ಹಾಕಿದರೂ ಅಳಿಯುವುದಿಲ್ಲ. ತಂಗಿ ಮುಂದೆಯೂ ಕಳಿಸುತ್ತಿರುತ್ತಾಳೆ ಅಂದರೆ ಒಂದು ಅಗ್ಗದ ಡ್ರೈವನ್ನು ಒಮ್ಮೆ 2ಕ್ಕೆ ಇಟ್ಟು, ಐರ್ಲೆಂಡಿನ ಡಿಸ್ಕ್‌ಗಳಿಗೇ ಮೀಸಲಿಡುವುದು ಒಳ್ಳೆಯದು.

ಬ್ಲೂ-ರೇ ವಿಷಯದಲ್ಲಿ ಇಷ್ಟು ಸುಲಭದ ದಾರಿ ಇಲ್ಲ. ಬಿ ಡಿಸ್ಕ್ ಓಡಿಸುವ ಪ್ಲೇಯರೇ ಬೇಕು. ಆ ಒಂದು ಡಿಸ್ಕಿಗಾಗಿ ಪ್ಲೇಯರ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹಾಳಾಗಿದೆ ಅಂತಲ್ಲ, ಆದರೆ ಅದೊಂದನ್ನು ಮಾತ್ರ ತಂಗಿಗೇ ವಾಪಸ್ ಕೊಟ್ಟು ಇಟ್ಟುಕೊಳ್ಳಲು ಹೇಳಿ.

ನಿಮ್ಮದು ಸಂಗೀತದ ಕಿವಿ, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಟಾಕೀಸಿನ ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ವೇಗದ್ದು. ಐರ್ಲೆಂಡಿನ ಡಿವಿಡಿ ಪ್ಯಾಲ್ ಅನ್ನುವ ಟಿವಿ ಚಿತ್ರ ಪದ್ಧತಿಯದ್ದು, ಅದರ ವೇಗ 25. ಹಾಗಾಗಿ ಸಿನಿಮಾವನ್ನು ಸಾಮಾನ್ಯವಾಗಿ ಶೇ 4ರಷ್ಟು ಬೇಗ ಓಡಿಸಿ ಡಿವಿಡಿಗೆ ಇಳಿಸುತ್ತಾರೆ. ಎರಡು ಗಂಟೆಯ ಸಿನಿಮಾ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಶ್ರುತಿಯನ್ನು ಸರಿಮಾಡದೆ ಬಿಟ್ಟಿದ್ದರೆ ಹಿನ್ನೆಲೆ ಸಂಗೀತ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿರುತ್ತದೆ. ನಿಮ್ಮನೆಯವರಿಗೆ ಗೊತ್ತಾಗಲಿಕ್ಕಿಲ್ಲ, ನಿಮಗೆ ಗೊತ್ತಾಗುತ್ತದೆ. ಬ್ಲೂ-ರೇಯಲ್ಲಿ ಹೆಚ್ಚಿನ ಸಿನಿಮಾಗಳು 24ರಲ್ಲೇ ಇರುತ್ತವೆ.

ಬೂಸ್ಟಿನ ಮಾತು ಎತ್ತಿದಿರಿ, ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಡಿಯ ಅಲ್ಯೂಮಿನಿಯಂ ಪದರವನ್ನೇ ತಿಂದ ಶಿಲೀಂಧ್ರ ಸಿಕ್ಕಿದ್ದು 2001ರಲ್ಲಿ ಸುದ್ದಿಯಾಗಿತ್ತು. ಅದು ಅಪರೂಪ. ನಮ್ಮಲ್ಲಿ ಮೊದಲು ಬಲಿಯಾಗುವುದು ಪುಸ್ತಿಕೆ, ಆಮೇಲೆ ಡಿಸ್ಕಿನ ಮೇಲೆ ಬೂದು ಚುಕ್ಕೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲೂ ಇಡಬೇಡಿ, ಹೊಗೆಯ ಜಿಡ್ಡು ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಡಬ್ಬಿಗೆ ತುಂಬುವ ಕೆಲಸ ಮಾತ್ರ ಒಣ ಹವೆ ಇರುವ ಬೇಸಿಗೆಯಲ್ಲೇ ಆಗಬೇಕು.

ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರನ್ನು ಸರಿಮಾಡುವುದು ಅದಕ್ಕೆ ಕಷ್ಟ. ಸಿಡಿಯ ಹೊಳೆಯುವ ಬದಿಗಿಂತ ಹೆಸರಿನ ಬದಿಯೇ ಹೆಚ್ಚು ನಾಜೂಕು, ಯಾಕೆಂದರೆ ಅಲ್ಯೂಮಿನಿಯಂ ಇರುವುದು ಆ ಬಣ್ಣದ ಸ್ವಲ್ಪ ಕೆಳಗೇ. ಅಲ್ಲಿ ಬಾಲ್‌ಪೆನ್ನಲ್ಲಿ ಹೆಸರು ಬರೆಯುವುದು ಬೇಡ.

ಮುಂದಿನ ಸಲ ತಂಗಿ ಅಂಗಡಿಗೆ ಹೋದಾಗ ದುಡ್ಡು ಕೊಡುವ ಮೊದಲು ಡಬ್ಬಿಯ ಹಿಂಭಾಗದ ಫೋಟೋ ವಾಟ್ಸ್‌ಆ್ಯಪ್ ಮಾಡಲಿ. ಡಿವಿಡಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ. ಎರಡು ಮೂರು ಅಂಕಿ ಒಟ್ಟಿಗೆ ಇದ್ದರೂ ಅದರಲ್ಲಿ 5 ಇದ್ದರೆ ಸಾಕು. 0 ಅಥವಾ 'ಆಲ್' ಇದ್ದರೆ ಇನ್ನೂ ಒಳ್ಳೆಯದು. ಬ್ಲೂ-ರೇಯಲ್ಲಿ ಸಿ ಅಕ್ಷರ ಇರಬೇಕು. ಎಷ್ಟೋ ಬ್ಲೂ-ರೇಗಳಿಗೆ ಬೀಗವೇ ಇಲ್ಲ, ಮೂರೂ ಅಕ್ಷರ ಇರುತ್ತವೆ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗೆ ಪ್ರದೇಶದ ಬೀಗ ಇಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ಸಿಡಿಗೆ ಏನೂ ನೋಡಬೇಕಿಲ್ಲ. ಆದರೆ ಸೆಲ್ಟಿಕ್ ಕಛೇರಿಯ ಡಿವಿಡಿ ಕೊಳ್ಳುವುದಾದರೆ ಸಂಗೀತ ತಾನೇ ಅಂತ ಬಿಡಬೇಡಿ, ಅದರ ಹಿಂದಿನ ಅಂಕಿಯನ್ನೂ ನೋಡಲೇಬೇಕು.