ದೇವಕಣಕ್ಕೆ 5 ಸಿಗ್ಮಾ, ಮಾತ್ರೆಗೆ 0.05: ಯಾಕೀ ತಾರತಮ್ಯ?

ಪ್ರಶ್ನೆ: ಹೊಸ ಕಣ ಸಿಕ್ಕಿತು ಅನ್ನಬೇಕಾದರೆ ತಪ್ಪಾಗುವ ಸಾಧ್ಯತೆ 35 ಲಕ್ಷಕ್ಕೆ ಒಂದು ಇರಬೇಕಂತೆ. ನಾವು ನುಂಗುವ ಮಾತ್ರೆಗೆ ಮಾತ್ರ 20ಕ್ಕೆ ಒಂದು ಇದ್ದರೂ ಸಾಕಂತೆ. ಕಣದಿಂದ ಯಾರ ಜೀವವೂ ಹೋಗಲ್ಲ, ಮಾತ್ರೆಯಿಂದ ಹೋಗಬಹುದು. ಇದು ಉಲ್ಟಾ ಆಗಲಿಲ್ಲವೇ? (ಕೆಜಿಎಫ್‌ನಿಂದ ಒಬ್ಬ ಓದುಗರು)

ಉತ್ತರ: ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರುತ್ತದೆ. ಕೆಜಿಎಫ್‌ನಿಂದಲೇ ಬಂದದ್ದು ಒಳ್ಳೆಯದಾಯಿತು, ಉತ್ತರದ ಅರ್ಧ ಭಾಗ ಆ ಊರಿನ ನೆಲದಡಿಯಲ್ಲೇ ಇದೆ.

ಮೊದಲು ಸಿಗ್ಮಾ. ಒಂದು ರೂಪಾಯಿ ನಾಣ್ಯವನ್ನು 100 ಸಲ ಚಿಮ್ಮಿ. ಸಾಚಾ ನಾಣ್ಯವಾದರೆ 50ರ ಆಸುಪಾಸು ಹೆಡ್ ಬೀಳುತ್ತದೆ. 47 ಬಿದ್ದರೂ 54 ಬಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಈ ಸಹಜ ಏರುಪೇರನ್ನು ಅಳೆಯುವ ಗೇಣೇ ಸಿಗ್ಮಾ. 100 ಸಲದ ಆಟದಲ್ಲಿ ಒಂದು ಗೇಣು ಅಂದರೆ 5 ಹೆಡ್. ಹೆಡ್‌ಗಳ ಎಣಿಕೆ 40ರಿಂದ 60ರ ಗಡಿಯನ್ನು ದಾಟಿತೆಂದರೆ 2 ಸಿಗ್ಮಾ ಆಚೆಗೆ ಹೋದಂತೆ. ಸಾಚಾ ನಾಣ್ಯವೂ ಸುಮಾರು 20 ಆಟಕ್ಕೊಮ್ಮೆ ಇಷ್ಟು ಆಚೀಚೆ ಹೋಗುತ್ತದೆ. ವೈದ್ಯರು ಹೇಳುವ 0.05 ಇದೇ. 5 ಸಿಗ್ಮಾ ಅಂದರೆ 75 ಹೆಡ್. ಸಾಚಾ ನಾಣ್ಯದಲ್ಲಿ 75 ಅಥವಾ ಅದಕ್ಕೂ ಹೆಚ್ಚು ಬೀಳುವುದು 35 ಲಕ್ಷ ಆಟಕ್ಕೆ ಒಂದು ಸಲ.

ಇಲ್ಲೊಂದು ತಿದ್ದುಪಡಿ. ಪತ್ರಿಕೆಗಳೂ ಇದನ್ನು ತಪ್ಪಾಗಿಯೇ ಬರೆಯುತ್ತವೆ. 0.05 ಅಂದರೆ 'ಔಷಧಿ ಕೆಲಸ ಮಾಡುವ ಸಾಧ್ಯತೆ ಶೇ. 95' ಅಂತಲ್ಲ. ಔಷಧಿಯಲ್ಲಿ ಏನೂ ಗುಣವಿಲ್ಲ ಅಂದುಕೊಂಡರೂ ಇಷ್ಟು ದೊಡ್ಡ ವ್ಯತ್ಯಾಸ ಬರೀ ಅದೃಷ್ಟದಿಂದ 20ಕ್ಕೊಮ್ಮೆ ಕಾಣಬಹುದು, ಅಷ್ಟೇ ಅದರ ಅರ್ಥ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗುವುದು ಎಷ್ಟು ಅಪರೂಪ ಎಂಬ ಲೆಕ್ಕ ಅದು. ಕೊಂಬೆ ಮುರಿದದ್ದು ಕಾಗೆಯಿಂದಲೋ ಅಲ್ಲವೋ ಎಂದು ಅದು ಹೇಳುವುದಿಲ್ಲ.

ಹಾಗಾದರೆ ಭೌತವಿಜ್ಞಾನಿಗಳಿಗೆ 20ಕ್ಕೊಂದು ಯಾಕೆ ಸಾಲದು? ಅವರು ಒಂದು ಕಡೆ ನೋಡುವುದಿಲ್ಲ, ಸಾವಿರ ಕಡೆ ನೋಡುತ್ತಾರೆ. ಮುಳಬಾಗಿಲು ಕಡೆಯ ಟೊಮೆಟೊ ತೋಟದಲ್ಲಿ 20 ಸಾಲಿಗೆ 20 ಥರದ ಔಷಧಿ ಹೊಡೆದರು ಎಂದಿಟ್ಟುಕೊಳ್ಳಿ (ನಮ್ಮ ಕಡೆ ಹೊಲಕ್ಕೆ ಹೊಡೆಯುವುದಕ್ಕೂ ಔಷಧಿ ಅಂತಲೇ ಹೆಸರು). 20ರಲ್ಲಿ ಒಂದಕ್ಕೂ ಗುಣವಿಲ್ಲ. ಆದರೂ ಕನಿಷ್ಠ ಒಂದು ಸಾಲಾದರೂ 0.05ರ ಪರೀಕ್ಷೆ ಪಾಸಾಗುವ ಸಾಧ್ಯತೆ ಶೇ. 64. ಆ ಸಾಲಿನಲ್ಲಿ 15 ಕೆಜಿಯ ಬಾಕ್ಸ್ ಎರಡು ಜಾಸ್ತಿ ಬಂತೆಂದರೆ ಅಂಗಡಿಯವರು ಉಳಿದ 19 ಸಾಲಿನ ಮಾತು ಎತ್ತುತ್ತಾರೆಯೇ?

ಕಣಗಳ ಹುಡುಕಾಟ ಇಂಥದ್ದೇ ತೋಟ, ಸಾಲುಗಳು ಮಾತ್ರ ಲೆಕ್ಕವಿಲ್ಲದಷ್ಟು. ಪ್ರೋಟಾನ್‌ಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಆ ಘರ್ಷಣೆಗಳನ್ನು ಶಕ್ತಿಯ ಪ್ರಕಾರ ಸಣ್ಣ ಸಣ್ಣ ಪಟ್ಟಿಗಳಾಗಿ ವಿಂಗಡಿಸಿ, ಎಲ್ಲಾದರೂ ಉಬ್ಬು ಕಾಣುತ್ತದೆಯೇ ಎಂದು ಹುಡುಕುತ್ತಾರೆ. 2015ರ ಡಿಸೆಂಬರ್‌ನಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಅಟ್ಲಾಸ್ ತಂಡಕ್ಕೆ 750 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ಹತ್ತಿರ ಮೂರೂವರೆ ಸಿಗ್ಮಾ ದಾಟಿದ ಉಬ್ಬು ಕಂಡಿತು. ಸಿಎಂಎಸ್ ತಂಡಕ್ಕೂ ಅಲ್ಲೇ ಸಣ್ಣದೊಂದು. ಅದನ್ನು ವಿವರಿಸಲು ನೂರಾರು ಪ್ರಬಂಧಗಳು ಬಂದವು. 2016ರ ಆಗಸ್ಟ್ ಹೊತ್ತಿಗೆ ಇನ್ನಷ್ಟು ದತ್ತಾಂಶ ಸೇರಿತು, ಉಬ್ಬು ಕರಗಿ ಹೋಯಿತು. ದೇವಕಣ ಎಂದು ಕರೆಯುವ ಹಿಗ್ಸ್ ಕಣಕ್ಕೆ ಹಾಗಾಗಲಿಲ್ಲ. 2012ರ ಜುಲೈ 4ರಂದು ಎರಡೂ ತಂಡಗಳು ಬೇರೆ ಬೇರೆ ಯಂತ್ರದಲ್ಲಿ 125 ಜಿಇವಿ ಆಸುಪಾಸಿನಲ್ಲೇ 5 ಸಿಗ್ಮಾ ಮುಟ್ಟಿದ್ದವು.

ಈಗ ಕೆಜಿಎಫ್‌ಗೆ ಬರೋಣ. ನ್ಯೂಟ್ರಿನೊ ಅಂದರೆ ಯಾವುದಕ್ಕೂ ಸುಲಭವಾಗಿ ತಗುಲದೆ ಹಾದುಹೋಗುವ ಸೂಕ್ಷ್ಮ ಕಣ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಜಗತ್ತಿನಲ್ಲೇ ಮೊದಲು ಸಿಕ್ಕ ಜಾಗಗಳಲ್ಲಿ ಅಲ್ಲಿನ ಚಾಂಪಿಯನ್ ರೀಫ್ ಗಣಿ ಒಂದು. ಅದು 1965ರಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್ಆರ್ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ತಂಡಗಳಿದ್ದವು. ಅಷ್ಟು ಆಳಕ್ಕೆ ಇಳಿದದ್ದು ಗದ್ದಲ ತಪ್ಪಿಸಿಕೊಳ್ಳಲು: ನೆಲದ ಮೇಲೆ ನಮ್ಮ ಅಂಗೈಯಷ್ಟು ಜಾಗದ ಮೂಲಕ ಸೆಕೆಂಡಿಗೆ ಒಂದರಂತೆ, ಆಕಾಶದಿಂದ ಸುರಿಯುವ ಮ್ಯೂಯಾನ್ ಎಂಬ ಕಣ ಹಾಯುತ್ತಿರುತ್ತದೆ, ಮೇಲಿನ ಬಂಡೆ ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. 1980ರ ದಶಕದಲ್ಲಿ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಪದರಗಳ ನಡುವೆ, ಕಣ ಹಾದರೆ ಗುರುತಿಸುವ ಕೌಂಟರ್‌ಗಳನ್ನಿಟ್ಟು, ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ಕಾದರು. ಒಡೆದಂತೆ ಕಾಣುವ ಕೆಲವೇ ಘಟನೆಗಳು ಸಿಕ್ಕವು. ಆದರೆ ಬಂಡೆ ತಡೆಯಲಾರದ ಒಂದಿತ್ತು, ಅದೇ ನ್ಯೂಟ್ರಿನೊ. ಅದು ಕಬ್ಬಿಣದ ನ್ಯೂಕ್ಲಿಯಸ್‌ಗೆ ಬಡಿದಾಗ ಬೀಳುವ ಗುರುತು ಪ್ರೋಟಾನ್ ಒಡೆದ ಗುರುತನ್ನೇ ಹೋಲಬಹುದು. ಆಮೇಲೆ ಬಂದ, ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಏನೂ ಕಾಣಲಿಲ್ಲ. ಒಂದು ಮುಖ್ಯ ಬಗೆಯ ಒಡೆತಕ್ಕೆ ಪ್ರೋಟಾನ್ 10ರ ಘಾತ 34 ವರ್ಷಕ್ಕಿಂತಲೂ ಹೆಚ್ಚು ಕಾಲ ಬಾಳುತ್ತದೆ ಎಂಬಲ್ಲಿಗೆ ಜಪಾನಿನ ಸೂಪರ್ ಕಮಿಯೊಕಾಂಡೆ ಪ್ರಯೋಗದ 50 ಸಾವಿರ ಟನ್ ನೀರು ಗಡಿಯನ್ನು ತಳ್ಳಿದೆ. ಕೆಜಿಎಫ್‌ನ ಪ್ರಯೋಗಕ್ಕೆ ಇದರಿಂದ ಅವಮಾನವೇನೂ ಇಲ್ಲ. ಕೈಗೆಣಿಕೆಯ ಘಟನೆಗಳನ್ನು ನಂಬುವ ಮುಂಚೆ ಕಾಯಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗುವುದಿಲ್ಲ. ಕಾದ ಆ ವರ್ಷಗಳಲ್ಲಿ, ಉತ್ತರ ತಡವಾಯಿತೆಂದು ಯಾರೂ ಸಾಯಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವುದಕ್ಕೆ ಬೆಲೆ ಇದೆ. ಲೆಕ್ಕ ಹಾಕಿಯೇ ನೋಡೋಣ. ಒಂದು ಕಾಯಿಲೆಯಲ್ಲಿ ನೂರಕ್ಕೆ 12 ಜನ ಸಾಯುತ್ತಾರೆ, ಹೊಸ ಔಷಧಿ ಅದನ್ನು 9ಕ್ಕೆ ಇಳಿಸುತ್ತದೆ ಎಂದುಕೊಳ್ಳಿ. 0.05ರ ಗಡಿ ಇಟ್ಟುಕೊಂಡು, ಗುಣವಿದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ ಶೇ. 80 ಇರಬೇಕು ಅಂದರೆ ಔಷಧಿ ನುಂಗುವವರದೊಂದು, ಹೋಲಿಕೆಗೆ ಸಕ್ಕರೆ ಗುಳಿಗೆ ನುಂಗುವವರದೊಂದು, ಹೀಗೆ ಎರಡು ಗುಂಪು ಮಾಡಿ ಒಂದೊಂದು ಗುಂಪಿಗೆ ಸುಮಾರು 1,640 ಜನ ಬೇಕು. 5 ಸಿಗ್ಮಾ ಕೇಳಿದರೆ ಗುಂಪಿಗೆ ಸುಮಾರು 7,100. ಅಂದರೆ ಬರೀ ಸಕ್ಕರೆ ಗುಳಿಗೆ ನುಂಗುವವರ ಗುಂಪಿಗೇ 5,460 ಜನ ಹೆಚ್ಚಾಗಿ ಸೇರಬೇಕು. ಅವರಲ್ಲಿ ನೂರಕ್ಕೆ 3ರಂತೆ, ಔಷಧಿ ಸಿಕ್ಕಿದ್ದರೆ ಬದುಕುತ್ತಿದ್ದ 160ಕ್ಕೂ ಹೆಚ್ಚು ಜನ ಸಾಯುತ್ತಾರೆ. ಅಷ್ಟು ರೋಗಿಗಳನ್ನು ಸೇರಿಸಲು ಹಿಡಿಯುವ ವರ್ಷಗಳಲ್ಲಿ ಹೊರಗಿನವರಿಗೂ ಔಷಧಿ ಇಲ್ಲ. ಪ್ರಶ್ನೆ ಕೇಳಿದವರು ಮಾತ್ರೆಯಿಂದ ಹೋಗುವ ಜೀವವನ್ನು ಮಾತ್ರ ಲೆಕ್ಕಕ್ಕೆ ಹಿಡಿದರು, ಮಾತ್ರೆ ತಡವಾಗಿ ಹೋಗುವ ಜೀವವನ್ನು ಬಿಟ್ಟರು.

ಇದರ ಜೊತೆಗೆ, 0.05 ಒಂದೇ ಸಲ ಸಿಕ್ಕರೆ ಸಾಮಾನ್ಯವಾಗಿ ಸಾಲದು. ಅಮೆರಿಕದಲ್ಲಿ ಔಷಧಿಗೆ ಅನುಮತಿ ಕೊಡುವ ಎಫ್‌ಡಿಎ ಬಹುಕಾಲ ಎರಡು ಸ್ವತಂತ್ರ ಪರೀಕ್ಷೆಗಳನ್ನು ಕೇಳುತ್ತಿತ್ತು. 20ಕ್ಕೊಂದರಲ್ಲಿ ಅರ್ಧ ಕೆಡುಕಿನ ಕಡೆಗಿನದು, ಗುಣದ ಕಡೆಗೆ ಉಳಿಯುವುದು 40ಕ್ಕೊಂದು; ಹಾಗಾಗಿ ಗುಣವಿಲ್ಲದ ಔಷಧಿ ಎರಡರಲ್ಲೂ ಅದೃಷ್ಟದಿಂದಲೇ 'ಗುಣ' ತೋರಿಸುವ ಸಾಧ್ಯತೆ 1,600ಕ್ಕೆ ಒಂದು.

ದೊಡ್ಡ ಪರೀಕ್ಷೆ ಮಾಡಿದರೆ ಔಷಧಿಯೂ 5 ಸಿಗ್ಮಾ ದಾಟುತ್ತದೆ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಔಷಧಿ ಪರೀಕ್ಷೆಯಲ್ಲಿ ಹೃದಯಾಘಾತವಾದ 17,187 ಜನರಿದ್ದರು. ಆಸ್ಪಿರಿನ್ ಪಡೆದ 8,587 ಜನರಲ್ಲಿ 804 ಮಂದಿ, ಪಡೆಯದ 8,600 ಜನರಲ್ಲಿ 1,016 ಮಂದಿ ಐದು ವಾರದೊಳಗೆ ಹೃದಯ, ರಕ್ತನಾಳದ ಕಾರಣಕ್ಕೆ ಸತ್ತರು. ಈ ಅಂಕಿಗಳಿಂದ ಲೆಕ್ಕ ಹಾಕಿದರೆ 5 ಸಿಗ್ಮಾಗಿಂತ ತುಸು ಮೇಲೆ. ಆದರೆ ಆ ಪ್ರಬಂಧದ ಸ್ವಾರಸ್ಯ ಬೇರೆಡೆ ಇದೆ. ಯಾವ ವಯಸ್ಸಿನವರಿಗೆ, ಯಾವ ಥರದವರಿಗೆ ಎಷ್ಟು ಗುಣ ಎಂದು ಗುಂಪು ಗುಂಪಾಗಿ ಒಡೆದು ನೋಡುವ ಅಪಾಯ ತೋರಿಸಲು ಸಂಶೋಧಕರು ರೋಗಿಗಳನ್ನು ರಾಶಿಯ ಪ್ರಕಾರ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಸ್ವಲ್ಪ ಕೆಡುಕೇ ಆದಂತೆ ಕಂಡಿತು, ಉಳಿದವರಿಗೆ ಭರ್ಜರಿ ಲಾಭ. (ನಮ್ಮ ಪಂಚಾಂಗದ ರಾಶಿ ಅಲ್ಲ, ಹುಟ್ಟಿದ ತಾರೀಕಿನ ಪಾಶ್ಚಾತ್ಯ ರಾಶಿ. ನಮ್ಮದಾಗಿದ್ದರೂ ಕತೆ ಅದೇ.) 20 ಸಾಲಿನ ಟೊಮೆಟೊ ತೋಟ ಮತ್ತೆ ಬಂತು ನೋಡಿ.

ಇನ್ನು, ಸಿಗ್ಮಾ ಎಷ್ಟಿದ್ದರೂ ಹಿಡಿಯಲಾಗದ ತಪ್ಪುಗಳಿವೆ. 2011ರಲ್ಲಿ ಒಪೆರಾ ಪ್ರಯೋಗದವರು ಸರ್ನ್‌ನಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊಗೆ ಬಂದ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ತಲುಪಿದವು ಎಂದರು. 6 ಸಿಗ್ಮಾ! ಮುಂದಿನ ವರ್ಷ ನೋಡಿದರೆ, ಜಿಪಿಎಸ್ ಸಮಯ ತರುವ ಆಪ್ಟಿಕ್ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಅದೃಷ್ಟದ ಆಟ ಎಷ್ಟು ಎಂದು ಮಾತ್ರ ಸಿಗ್ಮಾ ಅಳೆಯುತ್ತದೆ. ಸಡಿಲ ಕೇಬಲ್ ಪ್ರತಿ ಸಲವೂ ಒಂದೇ ತಪ್ಪು ಮಾಡುತ್ತದೆ, ಅಳತೆ ಹೆಚ್ಚಿದಷ್ಟೂ ತಪ್ಪಿನ ಮೇಲಿನ ನಂಬಿಕೆ ಹೆಚ್ಚುತ್ತದೆ.

ವೈದ್ಯಕೀಯದ ಸಡಿಲ ಕೇಬಲ್ ಅಂದರೆ ತಪ್ಪಾದದ್ದನ್ನು ಅಳೆಯುವುದು. ಹೃದಯಾಘಾತವಾದವರ ಎದೆಬಡಿತದ ಏರುಪೇರನ್ನು ಎನ್ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಚೆನ್ನಾಗಿ ಅಡಗಿಸುತ್ತಿದ್ದವು. ಇಸಿಜಿ ನೋಡಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಕಾಸ್ಟ್ ಎಂಬ ಪರೀಕ್ಷೆಯಲ್ಲಿ ಇಸಿಜಿ ಬಿಟ್ಟು ಸಾವುಗಳನ್ನು ಎಣಿಸಿದರು. ಮಾತ್ರೆ ಪಡೆದ 755 ಜನರಲ್ಲಿ 63 ಸಾವು, ಪಡೆಯದ 743 ಜನರಲ್ಲಿ 26. ಆ ಎರಡು ಮಾತ್ರೆಗಳ ಪರೀಕ್ಷೆಯನ್ನು 1989ರಲ್ಲೇ ಅರ್ಧಕ್ಕೆ ನಿಲ್ಲಿಸಿದರು.

ಹಾಗಾಗಿ ಕೋಲಾರದಲ್ಲೋ ಬೆಂಗಳೂರಿನಲ್ಲೋ ಯಾವುದಾದರೂ ಆಸ್ಪತ್ರೆಯಲ್ಲಿ ಔಷಧಿ ಪರೀಕ್ಷೆಯ ಒಪ್ಪಿಗೆ ಪತ್ರ ನಿಮ್ಮ ಕೈಗೆ ಬಂದರೆ 0.05 ಬಗ್ಗೆ ತಲೆ ಕೆಡಿಸಿಕೊಳ್ಳುವ ಮುಂಚೆ ಸಿಟಿಆರ್‌ಐ (ದೇಶದ ಔಷಧಿ ಪರೀಕ್ಷೆಗಳನ್ನು ದಾಖಲಿಸುವ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ 2009ರ ಜೂನ್ 15ರಿಂದ ಔಷಧಿ ಪರೀಕ್ಷೆಗಳ ನೋಂದಣಿ ಕಡ್ಡಾಯ. ಸಂಖ್ಯೆಯಲ್ಲಿ ಸಿಟಿಆರ್‌ಐ, ವರ್ಷ, ತಿಂಗಳು, ಕ್ರಮಸಂಖ್ಯೆ ಓರೆಗೆರೆ ಹಾಕಿ ಬರೆದಿರುತ್ತದೆ. ಸಿಟಿಆರ್‌ಐ ಜಾಲತಾಣದಲ್ಲಿ ಅದನ್ನು ಹಾಕಿ ಹುಡುಕಿದರೆ ಬರುವ ಪುಟದಲ್ಲಿ ಮೂರು ಕಡೆ ಕಣ್ಣಾಡಿಸಿ. ನೋಂದಣಿಯ ತಾರೀಕು ಮೊದಲ ರೋಗಿ ಸೇರಿದ ತಾರೀಕಿಗಿಂತ ಹಿಂದಿನದಿರಬೇಕು. ಎಷ್ಟು ಜನರ ಮೇಲೆ ಪರೀಕ್ಷೆ ಎಂಬುದು ಸ್ಯಾಂಪಲ್ ಸೈಜ್ ಎಂಬಲ್ಲಿದೆ. ಯಾವುದನ್ನು ಅಳೆಯುತ್ತಾರೆ ಎಂಬುದು ಪ್ರೈಮರಿ ಔಟ್‌ಕಮ್ ಅನ್ನುವ ಸಾಲಿನಲ್ಲಿದೆ. ಅಲ್ಲಿ 28 ದಿನದೊಳಗಿನ ಸಾವು ಎಂದು ಬರೆದಿದ್ದು, ಪರೀಕ್ಷೆ ಮುಗಿದ ಮೇಲೆ ಪತ್ರಿಕೆಯಲ್ಲಿ ಜ್ವರ ಎರಡು ದಿನ ಬೇಗ ಇಳಿಯಿತು ಎಂಬ ಸುದ್ದಿ ಮಾತ್ರ ಬಂದಿದ್ದರೆ, ಉಳಿದ 19 ಸಾಲು ಏನಾಯಿತು ಅಂತ ಕೇಳಿ.